ಅರಿಷಿಣ, ಕುಂಕುಮ, ಅರ್ಧ ಕ್ಲಚ್ಚು

ಕಾರು ಇರುವುದೇ ಮುಂದಕ್ಕೆ ಹೋಗಲಿಕ್ಕೆ ಎಂದು ಪ್ರಹ್ಲಾದ ಪ್ರಾಮಾಣಿಕವಾಗಿ ನಂಬಿದ್ದ. ರಾಯಚೂರಿನ ಮಾವ ಗುಂಡೇರಾಯರು ತಮ್ಮ ಹಳೆಯ ಫಿಯಟ್ಟನ್ನು ಕಳಿಸಿಕೊಟ್ಟಾಗ ಹನುಮಪ್ಪನ ಗುಡಿಯಲ್ಲಿ ಪೂಜೆ ಮಾಡಿಸಿದ. ಕಾಚಿಗೂಡದ ತನ್ನ ಗಲ್ಲಿಯೊಳಕ್ಕೆ ನೇರ ನುಗ್ಗಿಸಿ, ಗಲ್ಲಿ ಮುಗಿಯುವ ಗೋಡೆಯ ಮುಂದೆ ನಿಲ್ಲಿಸಿದ. ಸಿಕ್ಕಿಬಿದ್ದದ್ದು ಅಲ್ಲೇ. ಗಾಡಿ ತಿರುಗಿಸಲು ಜಾಗವಿಲ್ಲ. ಹಿಂದಕ್ಕೇ ಬರಬೇಕು, ಅದೂ ಏರಿನಲ್ಲಿ. ಪ್ರಹ್ಲಾದ ಕ್ಲಚ್ ಬಿಟ್ಟರೆ ಗಾಡಿ ಕಪ್ಪೆಯ ಹಾಗೆ ಒಮ್ಮೆ ಜಿಗಿದು ಬಂದ್ ಬೀಳುತ್ತಿತ್ತು. ತಿಂಗಳಿಂದ ಪಕ್ಕದ ಮನೆಯ ಯಮುನಾಬಾಯಿ ಅದರ ಬಾನೆಟ್ಟಿನ ಮೇಲೆ ಸಂಡಿಗೆ ಒಣಗಿಸುತ್ತಿದ್ದರು.

ಸುದ್ದಿ ರಾಯಚೂರು ಮುಟ್ಟಿತು. ಶ್ರಾವಣ ಶುಕ್ರವಾರ ಸಂಜೆ ತಾವೇ ಬಂದು ನೋಡುವುದಾಗಿ ಗುಂಡೇರಾಯರು ಫೋನಿನಲ್ಲಿ ಹೇಳಿದರು. ಗಾಡಿ ಗಲ್ಲಿಯಿಂದ ಹಿಂದಕ್ಕೆ ಬಂದರೆ ಪ್ರಹ್ಲಾದನದು, ಬರದಿದ್ದರೆ ಲಿಂಗಂಪಲ್ಲಿಯ ಸಣ್ಣ ಅಳಿಯನದು. ತಾವು ಮಾತ್ರ ಅದೇ ರಾತ್ರಿಯ ರೈಲಿಗೆ ವಾಪಸ್. ಕಾರು ಹೋಗುವುದನ್ನು ಪ್ರಹ್ಲಾದ ಹೇಗೋ ತಡೆದುಕೊಳ್ಳುತ್ತಿದ್ದ, ಅದು ಷಡ್ಡಕನ ಪಾಲಾಗುವುದು ಮಾತ್ರ ಅವನಿಂದ ಆಗದ ಮಾತು. ಶುಕ್ರವಾರ ಆಫೀಸಿಗೆ ರಜೆ ಹಾಕಿದ.

ಬೆಳಿಗ್ಗೆ ಸ್ಟೇರಿಂಗ್ ಹಿಡಿದದ್ದೇ ತಡ, ಎದುರುಮನೆಯ ಅರಿವೆ ಅಂಗಡಿ ಮಲ್ಲಣ್ಣ ಪ್ರತ್ಯಕ್ಷನಾದ. ಅವನು ಜನ್ಮದಲ್ಲಿ ಕಾರು ಓಡಿಸಿದವನಲ್ಲ, ಆದರೆ ಸಲಹೆ ಕೊಡಲು ಲೈಸೆನ್ಸ್ ಯಾರು ಕೇಳುತ್ತಾರೆ? ಗಟ್ಟಿ ಮನಸ್ಸು ಮಾಡಿ ಒಮ್ಮೆಲೇ ಕಾಲು ತೆಗೆಯಿರಿ ಎಂದ. ತೆಗೆದ ಕೂಡಲೇ ಯಮುನಾಬಾಯಿಯವರ ಸಂಡಿಗೆ ಮೋರಿ ಸೇರಿತು. ಎರಡನೆಯ ಸಲ ಮಲ್ಲಣ್ಣನ ಸ್ಕೂಟರೇ ಅಡ್ಡಬಿತ್ತು. ಸ್ಕೂಟರನ್ನು ಎತ್ತಿ ನಿಲ್ಲಿಸಿ, ಕೈ ಒರೆಸಿಕೊಂಡು, ಅವನು ಮತ್ತೆ ಸಲಹೆಗೆ ನಿಂತ.

ಕೊನೆಗೆ ಹೆಂಡತಿ ಗೋದಾವರಿ ಸೆರಗು ಸಿಕ್ಕಿಸಿಕೊಂಡು ಬಂದು ಪಕ್ಕದಲ್ಲಿ ಕೂತಳು.

"ಅಪ್ಪಾ ಗಾಡಿ ಹೊಡೀವಾಗ ನಾ ಬಾಜೂಕ ಕೂಡ್ತಿದ್ದೆ. ಕ್ಲಚ್ ಪೂರ್ತಿ ಒತ್ರಿ. ರಿವರ್ಸ್ ಹಾಕ್ರಿ. ಈಗ ಕಾಲು ಹಗೂರ್ಕ ಎತ್ತಿ ಎಕ್ಸಿಲೇಟರ್ ಚೂರು ಕೊಡ್ರಿ. ಗಾಡಿ ಮೈ ನಡುಗ್ತದ ನೋಡ್ರಿ, ಅಲ್ಲೇ ಕಾಲು ಹಿಡೀರಿ, ಅದಕ್ಕ ಅರ್ಧ ಕ್ಲಚ್ ಅಂತಾರ. ತಾನ ಹಿಂದ ಸರೀತದ."

ಸರಿಯಿತು. ಹಗ್ಗ ಹಿಡಿದು ನಡೆಸಿದ ಹಸುವಿನ ಹಾಗೆ ಸಾವಕಾಶವಾಗಿ ಹಿಂದೆ ಹಿಂದೆ ಏರು ಹತ್ತಿ ರಸ್ತೆಗೆ ಬಂದು ನಿಂತಿತು. ಪ್ರಹ್ಲಾದನಿಗೆ ಕಣ್ಣಲ್ಲಿ ನೀರೇ ಬಂತು. ಅಲ್ಲಿಗೆ ಬಿಟ್ಟಿದ್ದರೆ ಈ ಕತೆಯೇ ಇರುತ್ತಿರಲಿಲ್ಲ.

ಮಧ್ಯಾಹ್ನ ಅರಿಷಿಣ ಕುಂಕುಮಕ್ಕೆ ಮುತ್ತೈದೆಯರು ಬರತೊಡಗಿದರು. ಗೋದಾವರಿಗೆ ಗಂಡನ ಮೇಲೆ ಎಂದೂ ಇಲ್ಲದ ಅಭಿಮಾನ ಉಕ್ಕಿತ್ತು. ಮನೆಗೆ ಬಂದ ಮುತ್ತೈದೆಯರನ್ನು ಬರೀ ಕುಂಕುಮ ಕೊಟ್ಟು ಕಳಿಸುವುದೇ, ಒಂದು ಸಲ ಕೂರಿಸಿಕೊಂಡು ಹಿಂದೆ ಹೋಗಿಬನ್ನಿ ಎಂದಳು. ಶ್ರಾವಣ ಶುಕ್ರವಾರ ಮುತ್ತೈದೆಗೆ ಇಲ್ಲ ಎನ್ನುವ ಧೈರ್ಯ ಯಾರಿಗಿದೆ? ಒಬ್ಬೊಬ್ಬರಿಗೂ ಕುಂಕುಮ, ಕುಪ್ಪಸದ ಕಣ, ಕಡಲೆ ಉಸುಳಿ, ಜೊತೆಗೆ ಒಂದು ರಿವರ್ಸು. ಹೋದವರು ನಾದಿನಿಯರನ್ನು ಕರಕೊಂಡು ಮತ್ತೆ ಬಂದರು. ಕ್ಲಚ್ಚಿನ ಮೇಲಿಂದ ಕಾಲು ತೆಗೆಯಲೇಬೇಡಿ ಎಂದು ಮಲ್ಲಣ್ಣ ಕಾವಲು ನಿಂತಿದ್ದ. ನಡುವೆ ಎಂಥದೋ ಸುಟ್ಟ ವಾಸನೆ ಬಂತು. ಯಮುನಾಬಾಯಿ ಹಾಲು ಉಕ್ಕಿತೆಂದು ಒಳಗೆ ಓಡಿದರು. ಕೊನೆಯ ಸುತ್ತಿನಲ್ಲಿ ಗಾಡಿ ಏರು ಹತ್ತಲು ಒಲ್ಲೆ ಎಂದಿತು. ಪಾಪ, ದಣಿದಿದೆ ಎಂದುಕೊಂಡು ಪ್ರಹ್ಲಾದ ಅದನ್ನು ಗೋಡೆಯ ಹತ್ತಿರ ಬಿಟ್ಟ.

ಸಂಜೆ ಗುಂಡೇರಾಯರು ರಿಕ್ಷಾದಿಂದ ಇಳಿದರು. ಇಡೀ ಗಲ್ಲಿ ಬಾಗಿಲಿಗೆ ಬಂತು. ಪ್ರಹ್ಲಾದ ಕಾರಿನ ಬಾಗಿಲು ತೆಗೆಯುವಷ್ಟರಲ್ಲಿ ಮಾವ ಅವನನ್ನು ತಡೆದು, ಮೊದಲು ತಾವು ತೋರಿಸುವುದಾಗಿ ಹೇಳಿ ಕೂತೇಬಿಟ್ಟರು. ರಿವರ್ಸ್ ಹಾಕಿದರು, ಕಾಲೆತ್ತಿದರು. ಇಂಜಿನ್ನು ಬೊಬ್ಬೆ ಹೊಡೆಯಿತು, ಗಾಡಿ ಅಲುಗಲಿಲ್ಲ. ಇನ್ನಷ್ಟು ಒತ್ತಿದರು. ಅಡಿಯಿಂದ ಹೊಗೆ ಬಂತು.

ಮುದುಕರು ಕೆಳಗಿಳಿದು ತಮ್ಮ ಕಾಲನ್ನೇ ನೋಡಿಕೊಂಡರು.

"ಇಷ್ಟು ವರ್ಷ ಹೊಡದ ಗಾಡಿ. ಕಾಲಿನ ಅಳತಿ ತಪ್ಪಿಹೋಗೇದ ನಂದು. ಕ್ಲಚ್ ಪ್ಲೇಟ್ ಸುಟ್ಟುಬಿಟ್ಟೆ."

ಮಧ್ಯಾಹ್ನದ ಸುಟ್ಟ ವಾಸನೆ ಹಾಲಿನದಲ್ಲ ಎಂದು ಪ್ರಹ್ಲಾದನಿಗೆ ಈಗ ಹೊಳೆಯಿತು. ನಿಜ ಹೇಳಲು ಬಾಯಿ ತೆರೆದ. ಗೋದಾವರಿ ಅವನ ಕಾಲು ತುಳಿದಳು. ಅಷ್ಟರಲ್ಲಿ ಮಲ್ಲಣ್ಣ ಮುಂದೆ ಬಂದ.

"ನಿಮ್ಮ ಅಳಿಯಾರು ಮುಂಜಾನಿಂದ ಗಾಡೀನ ಬೆಣ್ಣ್ಯಾಗಿನ ಕೂದಲಾ ತೆಗದಂಗ ತೆಗದಾರ್ರಿ. ಇಡೀ ಗಲ್ಲಿ ಸಾಕ್ಷಿ ಐತಿ."

ಮುತ್ತೈದೆಯರೆಲ್ಲ ಹೌದು ಹೌದು ಎಂದರು. ಗುಂಡೇರಾಯರು ಅಳಿಯನ ಕೈ ಹಿಡಿದುಕೊಂಡರು. "ಗಾಡಿ ನಿಮ್ದರಿ, ಅಳಿಯಂದ್ರ."

ಪ್ರಹ್ಲಾದ ಸಂತೋಷದಿಂದ ಕಾಲಿಗೆ ಬಗ್ಗಿದ. ಮಾವ ಅವನನ್ನು ಎಬ್ಬಿಸಿ, ಕಾದು ನಿಂತಿದ್ದ ರಿಕ್ಷಾದವನಿಗೆ ಸ್ಟೇಷನ್ನಿಗೆ ಬರುವುದಿಲ್ಲ ಹೋಗಪ್ಪಾ ಎಂದರು.

"ಕೆಡಿಸಿದವ ನಾನು, ರಿಪೇರಿ ಆಗೂತನಕ ಇಲ್ಲೇ ಇರ್ತೀನಿ. ಆಮ್ಯಾಲೂ ಊರಿಗೆ ಹೋಗಿ ಏನ್ ಮಾಡ್ಲಿ? ದಿನಾ ಮುಂಜಾನೆ ಐದಕ್ಕ ಎದ್ದು ನನಗ ರಿವರ್ಸ್ ಕಲಸ್ರಿ. ಬರೂತನಕ ನಿಮ್ಮನ್ನ ಬಿಡಂಗಿಲ್ಲ ನಾ."