ಹತ್ತು ಲಕ್ಷದ ಮೂರು

ಭಾಗಾಕಾರವೂ ಒಂದು ಚಟ ಎಂದರೆ ಯಾರೂ ನಂಬುವುದಿಲ್ಲ. ನಂಬುವವಳು ನನ್ನ ಹೆಂಡತಿ ನೀಲಮ್ಮ ಒಬ್ಬಳೇ. ಮಕ್ತಲ್‌ನ ಶಾಲೆಯಲ್ಲಿ ಲೆಕ್ಕ ಕಲಿಸುವ ನನಗೆ ದೊಡ್ಡ ಸಂಖ್ಯೆಯೊಂದು ಕಣ್ಣಿಗೆ ಬಿದ್ದರೆ, ಅದು ಯಾವುದರಿಂದ ಒಡೆಯುತ್ತದೆ ಎಂದು ನೋಡುವ ತನಕ ಅನ್ನ ಸೇರುವುದಿಲ್ಲ. ಒಮ್ಮೆ ನಾರಾಯಣಪೇಟೆಯ ತವರಿನಿಂದ ಬಸ್ಸಿನಲ್ಲಿ ಬರುವಾಗ ಅವಳು ತಮ್ಮನ ಮಗ್ಗದ ಕಷ್ಟಸುಖವನ್ನು ಮನಸ್ಸು ಬಿಚ್ಚಿ ಹೇಳುತ್ತಿದ್ದಳು. ನಾನು ಮುಂದಿನ ಲಾರಿಯ ನಂಬರು ನೋಡುತ್ತ, "ನೀಲಾ, ಇದು ಹದಿಮೂರರಿಂದ ಒಡೀತೈತಿ" ಎಂದೆ. "ನನ್ನ ತಲಿನೂ ಒಡೀತೈತ್ರಿ. ಅದಕ್ಕ ಹದಿಮೂರು ಬ್ಯಾಡ, ನೀವೊಬ್ರ ಸಾಕು" ಎಂದಳು.

ಇಂಥವಳಿಗೆ ಹೋದ ವರ್ಷ ಪಿತ್ತಕೋಶದಲ್ಲಿ ಕಲ್ಲಾಯಿತು. ಗದ್ವಾಲ್‌ನ ಒಂದು ಆಸ್ಪತ್ರೆಯಲ್ಲಿ ಆಪರೇಷನ್. ಡಾಕ್ಟರು "ಹೆದರಬೇಡಿ" ಎಂದದ್ದು ಅವಳಿಗೆ, ಹೆದರಿದ್ದು ನಾನು. ಸ್ಟ್ರೆಚರಿನ ಕಂಬಿ ಹಿಡಿದುಕೊಂಡು ನಾನೂ ಒಳಕ್ಕೇ ನಡೆದಿದ್ದೆ. "ಸಾರ್, ಮೀರು ಬೈಟ ಉಂಡಂಡಿ" ಎಂದು ನರ್ಸಮ್ಮ ತೆಲುಗಿನಲ್ಲಿ ನನ್ನನ್ನು ಹೊರಗೆ ನಿಲ್ಲಿಸಿ, ಬೆರಳುಗಳನ್ನು ಒಂದೊಂದಾಗಿ ಬಿಡಿಸಿದಳು. ನೀಲಮ್ಮ ಮಲಗಿದಲ್ಲಿಂದಲೇ ನನ್ನ ಮುಖ ನೋಡಿದಳು.

"ಹತ್ತು ಲಕ್ಷದ ಮೂರು ಒಡೀತೈತೇನ್ರಿ?"

"ಏನು?"

"ಹತ್ತು ಲಕ್ಷದ ಮೂರು. ನಾ ಹೊರಗ ಬರೋದ್ರಾಗ ನೋಡಿ ಹೇಳ್ರಿ."

ಬಾಗಿಲು ಮುಚ್ಚಿತು. ನಮ್ಮ ಸಂಸಾರದಲ್ಲಿ ಅವಳಾಗಿಯೇ ನನಗೊಂದು ಸಂಖ್ಯೆ ಕೊಟ್ಟದ್ದು ಅದೇ ಮೊದಲು. ಬೆಂಚಿನ ಮೇಲೆ ಕುಳಿತು, ಔಷಧಿ ತಂದ ಕಾಗದದ ಚೀಲದ ಮೇಲೆ ಶುರುಮಾಡಿದೆ. ಏಳರಿಂದ ಭಾಗಿಸಿದೆ, ನಾಲ್ಕು ಉಳಿಯಿತು. ಹನ್ನೊಂದರಿಂದ, ಮತ್ತೆ ನಾಲ್ಕು. ಹದಿಮೂರರಿಂದಲೂ ಅದೇ ನಾಲ್ಕು! ಬೇರೆ ದಿನವಾಗಿದ್ದರೆ ಕುಣಿದುಬಿಡುತ್ತಿದ್ದೆ. ಒಂಬತ್ತನ್ನು ಸಾಲಾಗಿ ಆರು ಸಲ ಬರೆದರೆ ಬರುವ ಸಂಖ್ಯೆಯನ್ನು ಈ ಮೂರೂ ಸರಿಯಾಗಿ ಒಡೆಯುತ್ತವೆ. ನಮ್ಮದು ಅದಕ್ಕಿಂತ ನಾಲ್ಕು ಹೆಚ್ಚು, ಅಷ್ಟೆ. ಆದರೆ ಅಂದು, ಪ್ರತಿ ಸಲವೂ ಏನೋ ಒಂದಿಷ್ಟು ಉಳಿಯುತ್ತಿದೆಯಲ್ಲ ಎಂಬುದೇ ನನಗೆ ಶುಭವಾಗಿ ಕಂಡಿತು. ಅವಿಭಾಜ್ಯ ಹೌದೋ ಅಲ್ಲವೋ ಎಂದು ಹೇಳಬೇಕಾದರೆ ಸಾವಿರದ ತನಕ ನೋಡಬೇಕು. ಮೂವತ್ತೇಳಕ್ಕೆ ಬರುವಷ್ಟರಲ್ಲಿ ಕಣ್ಣು ಬಾಗಿಲಿಗೆ ಅಂಟಿಕೊಂಡಿತು, ಪೆನ್ನು ಮುಂದಕ್ಕೆ ಹೋಗಲಿಲ್ಲ.

ಕೊನೆಗೆ ಅವಳನ್ನು ಹೊರಗೆ ತಂದರು. ಅರ್ಧ ಎಚ್ಚರ, ಒಣಗಿದ ತುಟಿ. ನಾನು ಬಗ್ಗಿದೆ.

"ಒಡೀತೇನ್ರಿ?" ಎಂದಳು.

"ಇಲ್ಲ ನೀಲಾ. ಗಟ್ಟಿ ಐತಿ" ಎಂದೆ. ಅವಳು ನಕ್ಕಂತೆ ಮಾಡಿ ನಿದ್ದೆಹೋದಳು.

ಮನೆಗೆ ಬಂದ ಮೇಲೆ, ಅವಳ ಮಂಚದ ಪಕ್ಕದಲ್ಲೇ ಕುಳಿತು ಸಾವಿರದ ತನಕದ ಉಳಿದ ಸಂಖ್ಯೆಗಳಿಂದಲೂ ಭಾಗಿಸಿ ಮುಗಿಸಿದೆ. "ನೀಲಾ, ಖರೇನ ಒಡಿಯೂದಿಲ್ಲ! ಅವಿಭಾಜ್ಯ!" ಎಂದು ಕೂಗಿದೆ.

ಅವಳು ಗಂಜಿಯ ಬಟ್ಟಲು ಕೆಳಗಿಟ್ಟಳು. "ಅವತ್ತ ಹೇಳಿದ್ರಲ್ರೀ?"

ಅವತ್ತು ನಾನು ಮೂವತ್ತೇಳಕ್ಕೇ ನಿಲ್ಲಿಸಿದ್ದೆ. ಕ್ರಮ ತೋರಿಸದ ಉತ್ತರಕ್ಕೆ, ಉತ್ತರ ಸರಿಯಿದ್ದರೂ ಸೊನ್ನೆ ಹಾಕುವ ಮೇಷ್ಟ್ರು ನಾನು. ನೀಲಮ್ಮ ಮಾತ್ರ ನನ್ನನ್ನು ಒಂದು ಗಳಿಗೆ ನೋಡಿ, ಪೂರ್ತಿ ಅಂಕ ಕೊಟ್ಟವಳಂತೆ, "ಇರ್ಲಿ, ಗಂಜಿಗೆ ಉಪ್ಪು ಹಾಕೂದು ಮರ್ತೀರಿ, ತರ್ರಿ" ಎಂದಳು.