ದ್ವೀಪದ ವಿಮಾನಕ್ಕೊಬ್ಬ ಚೀಫ್ ಇಂಜಿನಿಯರ್

ಗಂಡನಿಗೆ ಇಂಟರ್‌ವ್ಯೂ ಬಂದ ಸಂಗತಿಯನ್ನು ಜಯದೇವಿ ಯಾರಿಗೂ ಹೇಳಿರಲಿಲ್ಲ. ಪಕ್ಕದ ಮನೆಯ ಷಹನಾಜ್‌ಗೆ ಮಾತ್ರ ಹೇಳಿದ್ದಳು. ಬೆಳಗಾಗುವಷ್ಟರಲ್ಲಿ ಅಮೆರಿಕದ ಹಾಫ್‌ಮನ್ ಎಸ್ಟೇಟ್ಸ್‌ನ ಕನ್ನಡದ ಮನೆಗಳಲ್ಲೆಲ್ಲ ಗುರುಶಾಂತಪ್ಪ ಚೀಫ್ ಇಂಜಿನಿಯರ್ ಆಗಿಬಿಟ್ಟಿದ್ದ.

2002ರ ಆ ಚಳಿಗಾಲದಲ್ಲಿ ವಿಮಾನ ರಿಪೇರಿಯವರನ್ನು ಕೇಳುವವರೇ ಇರಲಿಲ್ಲ. ಅವನ ಕಂಪನಿ ರಿಪೇರಿಯನ್ನೆಲ್ಲ ಹೊರಗಿನವರಿಗೆ ವಹಿಸಿ ಅವನನ್ನು ಮನೆಗೆ ಕಳಿಸಿ ವರ್ಷವಾಗಿತ್ತು. ಈ ಕೆಲಸವೂ ತಪ್ಪಿದರೆ ಮನೆ ಮಾರಿ, ರಾಚೆಸ್ಟರ್ ಹಿಲ್ಸ್‌ನಲ್ಲಿದ್ದ ಹೆಂಡತಿಯ ಅಣ್ಣನ ಬೇಸ್‌ಮೆಂಟ್ ಸೇರಬೇಕು. ಅದಕ್ಕಿಂತ ಸಾವೇ ಮೇಲು ಎನಿಸಿತ್ತು ಅವನಿಗೆ.

ಕರೆದದ್ದು ಪೆಸಿಫಿಕ್ ಸಾಗರದ ಒಂದು ಪುಟಾಣಿ ದೇಶ. ಅದರ ರಾಷ್ಟ್ರೀಯ ವಿಮಾನ ಸಂಸ್ಥೆಗೆ ಇದ್ದದ್ದು ಎರಡು ವಿಮಾನ. ಒಂದು ಹಾರುತ್ತಿತ್ತು, ಇನ್ನೊಂದರ ಭಾಗಗಳನ್ನು ಕಳಚಿ ಹಾರುವುದಕ್ಕೆ ಹಾಕುತ್ತಿದ್ದರು.

ಕಾರು ತೆಗೆಯುವಾಗ ಷಹನಾಜ್‌ಳ ಗಂಡ ಮುನೀರ್ ಅಡ್ಡ ಬಂದ. "ಸ್ಟಾಫ್‌ಗೆ ಪುಕ್ಕಟೆ ಟಿಕೆಟ್ ಕೊಡ್ತಾರಂತಲ್ಲ, ಬೆಂಗಳೂರಿಗೆ ನಡೆಯುತ್ತಾ?"

"ಅದು ಇಂಡಿಯಾಕ್ಕ ಹೋಗೂದಿಲ್ರಿ."

"ಈಗ ಹೋಗಲ್ಲ. ನೀವು ಸೇರಿದ್ಮೇಲೆ ಹೋಗತ್ತಲ್ಲ."

ಅಷ್ಟರಲ್ಲಿ ಎದುರು ಮನೆಯ ಮ್ಯಾನೇಜ್‌ಮೆಂಟ್ ಕನ್ಸಲ್ಟೆಂಟ್ ಶಶಿಧರ, ಯಾರೂ ಕರೆಯದಿದ್ದರೂ, ಕಾರಿನೊಳಗೆ ಕೂತಾಗಿತ್ತು. ಏರ್‌ಪೋರ್ಟ್ ಬಳಿ ಇಂಟರ್‌ವ್ಯೂ ಇದ್ದ ಹೋಟೆಲ್ ತಲುಪುವವರೆಗೂ ಅವನ ಬಾಯಿಗೆ ಬಿಡುವಿರಲಿಲ್ಲ.

"ನಟ್ಟು ಬೋಲ್ಟಿನ ಮಾತು ಎತ್ತಲೇಬೇಡಿ. ಅವರಿಗೆ ಬೇಕಾಗಿರೋದು ಡೆವಲಪ್‌ಮೆಂಟ್. ಖರ್ಚು ಹೇಗೆ ಉಳಿಸ್ತೀರಿ ಅಂತ ಹೇಳಿ."

"ನನಗ ಅದೆಲ್ಲಾ ಎಲ್ಲಿ ಬರ್ತದ್ರಿ?"

"ನಿಮ್ಮನ್ನ ತೆಗೆಯೋವಾಗ ನಿಮ್ಮ ಕಂಪನಿ ಏನು ಹೇಳ್ತು? ಅದನ್ನೇ ಹೇಳಿ."

ಆ ಮಾತುಗಳು ಗುರುಶಾಂತಪ್ಪನಿಗೆ ಬಾಯಿಪಾಠವಾಗಿದ್ದವು.

ಸಂಸ್ಥೆಯ ಚೇರ್ಮನ್ ಹೋಟೆಲ್ ರೂಮಿನೊಳಗೂ ಎರಡು ಕೋಟು ಹಾಕಿಕೊಂಡು ನಡುಗುತ್ತಿದ್ದ ಮುದುಕ. "ನಮ್ಮ ಸಂಸ್ಥೆಯನ್ನು ಮುಂದೆ ತರುವುದು ಹೇಗೆ?" ಎಂದು ಕೇಳಿದ. ಇಂಧನ ಪಂಪಿನ ಮಾತು ಗುರುಶಾಂತಪ್ಪನ ನಾಲಿಗೆಯ ತುದಿಗೆ ಬಂದಿತ್ತು. ಅದನ್ನು ನುಂಗಿಕೊಂಡು, ತನ್ನನ್ನು ಬೀದಿಗೆ ತಂದ ಪಾಠವನ್ನೇ ಒಪ್ಪಿಸಿದ. ರಿಪೇರಿಗೆ ಸ್ವಂತ ಜನ ಯಾಕೆ? ಪಕ್ಕದ ದೇಶದವರಿಗೆ ಗುತ್ತಿಗೆ ಕೊಟ್ಟರೆ ಅರ್ಧ ಖರ್ಚು ಉಳಿಯುತ್ತದೆ. ಹೇಳುತ್ತ ಹೇಳುತ್ತ ಅವನಿಗೇ ನಾಚಿಕೆಯಾಯಿತು, ಅಷ್ಟು ಚೆನ್ನಾಗಿ ಹೇಳಿದ್ದ.

ಚೇರ್ಮನ್ ಎದ್ದು ಬಂದು ತಬ್ಬಿಕೊಂಡ. "ಇಂಥ ಮಾತನ್ನು ಇದುವರೆಗೆ ಯಾರೂ ನಮಗೆ ಹೇಳಿರಲಿಲ್ಲ. ಇವತ್ತೇ ಗುತ್ತಿಗೆ ಮಾತಾಡುತ್ತೇನೆ. ರಿಪೇರಿ ವಿಭಾಗವೇ ಇಲ್ಲವೆಂದ ಮೇಲೆ ಚೀಫ್ ಇಂಜಿನಿಯರಿನ ಸಂಬಳವೂ ಉಳಿಯಿತು. ನಿಮ್ಮ ಉಪಕಾರ ಮರೆಯುವುದಿಲ್ಲ."

ಹೊರಗೆ ಬರುವಷ್ಟರಲ್ಲಿ ಜಯದೇವಿಯ ಫೋನು. "ಏನಂದ್ರು?"

"ನಾ ಹೇಳಿದ್ದನ್ನ ಪೂರಾ ಒಪ್ಪಿಕೊಂಡ್ರು," ಎಂದ ಗುರುಶಾಂತಪ್ಪ.