ಹಳೇ ಧಕ್ಕೆಯ ಅಡಿಯ ದೋಣಿ

ಬೆಳಿಗ್ಗೆ ಒಂಬತ್ತೂವರೆಗೆ ಅಗೆಯುವ ಯಂತ್ರದ ಬಕೆಟ್ಟು ಕೆಸರೊಳಗೆ ಏನಕ್ಕೋ ತಾಗಿ ‘ದಬ್’ ಎಂದಿತು. ಕಲ್ಲಿಗೆ ತಾಗಿದ್ದರೆ ‘ಟಣ್’ ಎನ್ನಬೇಕಿತ್ತು. ಆ ಒಂದು ‘ದಬ್’ಗೆ ಕೀತ್ ರಾಬ್ಸನ್ ಎಂಬ ಬಡಪಾಯಿ, ಕೈಯಲ್ಲಿದ್ದ ಚಹಾ ಚೆಲ್ಲಿ ಹಳ್ಳಕ್ಕೆ ಹಾರಿದ.

ಟೈನ್ ನದಿಯ ಈ ಧಕ್ಕೆಗೆ ಹಡಗು ಬರುವುದು ನಿಂತು ನಲವತ್ತು ವರ್ಷವಾಗಿತ್ತು. ಈಗ ಅಲ್ಲಿ ಫ್ಲ್ಯಾಟುಗಳು ಏಳಲಿದ್ದವು. ಕಟ್ಟುವ ಮುಂಚೆ ನೆಲದಡಿ ಹಳೆಯದೇನಾದರೂ ಇದೆಯೇ ಎಂದು ಅಗೆದು ನೋಡಬೇಕಲ್ಲ, ಅದಕ್ಕೆ ಬಂದವನು ಕೀತ್. ಎರಡು ವಾರದಲ್ಲಿ ಸಿಕ್ಕಿದ್ದು ಹೊಗೆ ಸೇದುವ ಮಣ್ಣಿನ ಕೊಳವೆಯ ಚೂರುಗಳು ಮತ್ತು ಎಡಗಾಲಿನ ಒಂದು ಬೂಟು. ಇವತ್ತು ಕೊನೆಯ ದಿನ. ಸಂಜೆ ನಾಲ್ಕಕ್ಕೆ ‘ಏನೂ ಇಲ್ಲ’ ಎಂದು ರುಜು ಹಾಕಿದರೆ ನೌಕರಿಯೂ ಮುಗಿಯಿತು. ಸೋಮವಾರದಿಂದ ಭಾವಮೈದುನನ ಅಂಗಡಿಯಲ್ಲಿ ಕಾರ್ಪೆಟ್ ಸುರುಳಿ ಹೊರಬೇಕು. ದೊಡ್ಡದೇನಾದರೂ ಸಿಕ್ಕರೆ ಮಾತ್ರ ಇನ್ನೂ ಮೂರು ತಿಂಗಳು ಅಗೆತ, ಮೂರು ತಿಂಗಳು ಸಂಬಳ.

“ಏನಯ್ಯಾ ಅದು?” ಸೈಟ್ ಮ್ಯಾನೇಜರ್ ಟ್ರೆವರ್ ಹೆಪಲ್ ಮೇಲಿಂದ ಕೂಗಿದ.

“ಮರ, ಟ್ರೆವರ್! ಒಂದು ನಿಮಿಷ ಯಂತ್ರ ನಿಲ್ಲಿಸು.”

“ನಿಮ್ಮೋರಿಗೆ ಒಂದು ನಿಮಿಷ ಅಂದ್ರೆ ನೂರು ವರ್ಷ ಕಣಯ್ಯಾ!”

ಕೀತ್ ಕರಣೆಯನ್ನೂ ಮುಟ್ಟಿಸದೆ ಬರಿಗೈಯಲ್ಲಿ ಕೆಸರು ಬಳಿದ. ಒಂದು ಹಲಗೆ, ಅದರ ಪಕ್ಕ ಇನ್ನೊಂದು. ಮಧ್ಯಾಹ್ನದ ಹೊತ್ತಿಗೆ ಕಲ್ಲಿದ್ದಲು ಸಾಗಿಸುತ್ತಿದ್ದ ಒಂದಿಡೀ ಅಗಲ ದೋಣಿ ಕಣ್ಣಿಗೆ ಬಿತ್ತು. ಕೆಸರುಗೈಯಲ್ಲೇ ಸರ್ಕಾರಿ ಪುರಾತತ್ವಾಧಿಕಾರಿ ಡಾಕ್ಟರ್ ಸ್ವಾನ್‌ಗೆ ಫೋನು ಮಾಡಿದ.

“ಮೂರೂವರೆಗೆ ಬರ್ತೀನಿ. ಕಣ್ಣಾರೆ ನೋಡದೆ ನಾನೇನೂ ಹೇಳಲ್ಲ,” ಎಂದಳಾಕೆ.

ಟ್ರೆವರ್ ಗಡಿಯಾರ ತೋರಿಸಿದ. “ನಾಲ್ಕಕ್ಕೆ ಅಡಿಪಾಯದ ಕಂಬ ಇಳಿಸೋ ಯಂತ್ರ ಬರುತ್ತೆ. ಅಷ್ಟರೊಳಗೆ ಆಯಮ್ಮ ಬರ್ಲಿಲ್ವೋ, ನೀನು ರುಜು ಹಾಕ್ತೀಯ, ಅಷ್ಟೇ.”

ಹಾಳು ನದಿಯ ಉಬ್ಬರವೂ ನಾಲ್ಕಕ್ಕೇ. ಧಕ್ಕೆಯ ಗೋಡೆಯ ಸಂದುಗಳಿಂದ ನೀರು ಆಗಲೇ ಜಿನುಗುತ್ತಿತ್ತು; ಹಳ್ಳದ ಮೂಲೆಯಲ್ಲಿಟ್ಟ ಪಂಪು ಅದನ್ನು ಹೊರಗೆ ಎಳೆದು ಹಾಕುತ್ತಿತ್ತು.

ಇದು ಸಾಲದೆಂಬಂತೆ ಬೇಲಿಯಾಚೆ ಓಲಿವ್ ಚಾರ್ಲ್‌ಟನ್ ಪ್ರತ್ಯಕ್ಷಳಾದಳು. ಊರಿನ ಇತಿಹಾಸ ಸಂಘದ ಎಪ್ಪತ್ತೆರಡರ ಅಧ್ಯಕ್ಷೆ. “ಕಂದಾ, ಅದು ದೋಣಿ ಅಲ್ವಾ?”

“ಯಾರಿಗೂ ಹೇಳ್ಬೇಡಿ, ನಿಮ್ಮ ದಮ್ಮಯ್ಯ.”

“ನಾನ್ಯಾಕೆ ಹೇಳ್ಲಿ?” ಎಂದವಳು ಅರ್ಧ ಗಂಟೆಯೊಳಗೆ ಹದಿನಾಲ್ಕು ಮಂದಿ ಮುದುಕ ಮುದುಕಿಯರನ್ನು ರೇನ್‌ಕೋಟಿನ ಸಮೇತ ಹಳ್ಳದ ಅಂಚಿಗೇ ತಂದು ನಿಲ್ಲಿಸಿದಳು. ಟ್ರೆವರ್ ಬೈದುಕೊಳ್ಳುತ್ತಲೇ ಎಲ್ಲರ ತಲೆಗೂ ಹೆಲ್ಮೆಟ್ ಹಾಕಿಸಿದ. ಚೆನ್ನಾಗಿ ಕಾಣಲೆಂದು ಓಲಿವ್ ಬಗ್ಗಿದ್ದೇ ತಡ, ಅವಳ ಫ್ಲಾಸ್ಕಿನ ಮುಚ್ಚಳ ಹಳ್ಳಕ್ಕೆ ಬಿತ್ತು. ಪಂಪು ಅದನ್ನು ಗುಳುಂ ಎಂದು ನುಂಗಿ, ಎರಡು ಸಲ ಬಿಕ್ಕಳಿಸಿ, ನಿಂತೇಹೋಯಿತು.

“ಅಯ್ಯೋ, ಮುಳುಗಿದೆ ನಾನು!” ಕೀತ್ ತಲೆ ಚಚ್ಚಿಕೊಂಡ. ನೀರು ಅವನ ಹಿಮ್ಮಡಿ ದಾಟಿತ್ತು.

“ಅಳ್ಬೇಡ, ನಾವಿದ್ದೀವಿ,” ಎಂದು ಓಲಿವ್ ಹೆಲ್ಮೆಟ್ ಕಳಚಿ ನೀರು ಮೊಗೆಯತೊಡಗಿದಳು. ಉಳಿದವರೂ ಸಾಲಾಗಿ ನಿಂತರು.

“ಹೆಲ್ಮೆಟ್ ತಲೆ ಮೇಲಿರ್ಬೇಕು!” ಟ್ರೆವರ್ ಕಿರುಚಿದ.

“ತಲೆ ಮೇಲೆ ಬೀಳೋಕೆ ಇಲ್ಲೇನಿದೆಯಪ್ಪಾ? ಇರೋದೆಲ್ಲ ಕಾಲ ಕೆಳಗೇ ಇದೆ!”

ಮೂರೂವರೆಯಾಯಿತು. ಡಾಕ್ಟರ್ ಸ್ವಾನ್‌ಳ ಸುಳಿವಿಲ್ಲ. ಮೂರೂ ಮುಕ್ಕಾಲಿಗೆ ಗೇಟಿನ ಬಳಿ ಕಂಬದ ಯಂತ್ರ ಹಾರ್ನ್ ಹೊಡೆಯಿತು. ಕೀತ್ ಮೊಣಕಾಲುದ್ದ ನೀರಿನಲ್ಲಿ ದೋಣಿಯ ಮೇಲೆ ಒದ್ದೆ ಗೋಣಿ ಹೊದಿಸಿ, “ಮುಟ್ಬೇಡಿ! ತುಳೀಬೇಡಿ!” ಎಂದು ಬಡಬಡಿಸುತ್ತಿದ್ದ. ಹತ್ತು ನಿಮಿಷ ಬಿಟ್ಟು ಟ್ರೆವರ್ ಕಾಗದ, ಪೆನ್ನು ಚಾಚಿದ.

“ಹಾಕು ರುಜು.”

“ಇನ್ನೂ ಐದು ನಿಮಿಷ ಇದೆ.”

“ನಾಲ್ಕು.”

ಕೀತ್ ಪೆನ್ನು ಹಿಡಿದಾಗಲೇ ಕಾರು ಬಂತು. ಡಾಕ್ಟರ್ ಸ್ವಾನ್ ಗಂಬೂಟಿನಲ್ಲಿ ನೇರ ಹಳ್ಳಕ್ಕಿಳಿದು, ಗೋಣಿ ಸರಿಸಿ, ಹಲಗೆಗಳ ಮೇಲೆ ಕೈಯಾಡಿಸಿದಳು. ಹದಿನೈದು ಹೆಲ್ಮೆಟ್‌ಗಳು ಗಾಳಿಯಲ್ಲೇ ನಿಂತವು.

“ಇಷ್ಟು ಚೆನ್ನಾಗಿರೋದನ್ನ ನಾನು ಜನ್ಮದಲ್ಲಿ ನೋಡಿಲ್ಲ,” ಎಂದಳು. “ಒಂದು ಹಲಗೆಯೂ ಅಲುಗಿಲ್ಲ. ಯಾರು ಇದನ್ನ ಕಾಪಾಡಿದ್ದು?”

“ನಾನೇ ಮೇಡಂ!” ಕೀತ್‌ನ ಕಣ್ಣಲ್ಲಿ ನೀರು ಬಂತು.

ಟ್ರೆವರ್ ಕುಸಿದು ಕೂತ. “ಎಷ್ಟು ತಿಂಗಳು ಅಗೀಬೇಕು ತಾಯೀ?”

“ತಿಂಗಳಾ? ಕೊಳೆತು ಮುರಿದಿದ್ರೆ ಬಿಚ್ಚಿ ಮೇಲೆತ್ತಿಸ್ತಿದ್ದೆ, ಮೂರು ತಿಂಗಳಾದ್ರೂ ಹಿಡೀತಿತ್ತು. ಇಷ್ಟು ಗಟ್ಟಿಯಾಗಿರೋದನ್ನ ನಾವು ಅಗೆಯಲ್ಲ, ಇದ್ದಲ್ಲೇ ಬಿಡ್ತೀವಿ. ಇವತ್ತೇ ಮರಳು ಹಾಕಿ ಮುಚ್ಚಿ. ನಿಮ್ಮ ಕಂಬಗಳನ್ನ ಎರಡು ಮೀಟರ್ ಆಚೆ ಇಳಿಸ್ಕೊಳ್ಳಿ.”

ಟ್ರೆವರ್ ಎದ್ದು ಬಂದು ಕೀತ್‌ನನ್ನು ತಬ್ಬಿಕೊಂಡು ಕೆನ್ನೆಗೆ ಮುತ್ತಿಟ್ಟ. ಇತಿಹಾಸ ಸಂಘದವರು ಚಪ್ಪಾಳೆ ತಟ್ಟಿದರು. ಓಲಿವ್ ಕೀತ್‌ನ ಕೈಗೆ ಸಲಿಕೆ ಕೊಟ್ಟು, “ನೀನೇ ಮುಚ್ಚಪ್ಪಾ, ನಿನ್ನಷ್ಟು ಜೋಪಾನ ಯಾರಿಗೆ ಬರುತ್ತೆ?” ಎಂದಳು.

ಕೀತ್ ಸಲಿಕೆಯನ್ನೂ ದೋಣಿಯನ್ನೂ ನೋಡಿ, ಡಾಕ್ಟರ್ ಸ್ವಾನ್‌ಳ ಹತ್ತಿರ ಸರಿದು ಮೆಲ್ಲಗೆ ಕೇಳಿದ:

“ಮೇಡಂ, ಆ ಮೂಲೆಯ ಹಲಗೆ ಸ್ವಲ್ಪ ಸಡಿಲ ಇದ್ದ ಹಾಗಿದೆ. ಒಂದ್ಸಲ ಜೋರಾಗಿ ಒದ್ದು ನೋಡ್ಲಾ?”